ಎಲೆಯ ಮುಂದೆ ಕುಳಿತ ನ್ಯಾಯಾಧೀಶರು

ವೇಳಾಂಗಣ್ಣಿಗೆ ಹೋಗಿಬಂದ ಕುಟುಂಬಗಳನ್ನು "ಪ್ರಯಾಣ ಹೇಗಿತ್ತು?" ಎಂದು ಕೇಳಿ ನೋಡಿ. ಅರ್ಧ ಮಾತು ಊಟದ್ದೇ ಆಗಿರುತ್ತದೆ. "ಧರ್ಮಪುರಿಯಲ್ಲಿ ದೋಸೆ ಪರವಾಗಿಲ್ಲ ಫಾದರ್, ಸೇಲಂ ಸಾಂಬಾರ್ ಮಾತ್ರ ಬಾಯಿಗಿಡೋಕೆ ಆಗಲಿಲ್ಲ" ಎಂದು ತೀರ್ಪು ಬರುತ್ತದೆ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾಟಿದರೆ ಧರ್ಮಪುರಿ ಸುಮಾರು 130 ಕಿಲೋಮೀಟರ್, ಸೇಲಂ ಸುಮಾರು 200. ಬೆಳಗ್ಗೆ ಹೊರಟವರಿಗೆ ತಿಂಡಿಯೋ ಊಟವೋ ಇಲ್ಲಿಯೇ ಆಗಬೇಕು.

ಹಣ ಕೊಟ್ಟು ತಿನ್ನುವವರು ರುಚಿ ನೋಡಿ ಮಾತನಾಡುವುದು ತಪ್ಪಲ್ಲ. ಆದರೆ ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದು ಮುಖ್ಯ.

ಕಳಿ ನಮ್ಮ ಮುದ್ದೆಯಲ್ಲ

ಧರ್ಮಪುರಿ ರಾಗಿಯ ನಾಡು. ಅಲ್ಲಿ 'ಕಳಿ' ಎಂದು ಕೊಡುವುದು ನಮ್ಮ ಮುದ್ದೆಯ ಒಡಹುಟ್ಟು. ಅಕ್ಕಿನುಚ್ಚನ್ನು ಬೇಯಿಸಿ ಅದಕ್ಕೆ ರಾಗಿಹಿಟ್ಟು ಹಾಕಿ ತಿರುವುವ ರೂಢಿ ಅಲ್ಲಿ ಹೆಚ್ಚು. ಆದ್ದರಿಂದ ಬಾಯಿಗೆ ಅಲ್ಲಲ್ಲಿ ನುಚ್ಚು ಸಿಗುತ್ತದೆ. ಜೊತೆಗೆ ಮಸೆದ ಸೊಪ್ಪು ಅಥವಾ ಖಾರದ ಸಾರು. "ಮಂಡ್ಯದ ಮುದ್ದೆಯಷ್ಟು ನುಣುಪಾಗಿಲ್ಲ" ಎಂದು ದೂರಿದರೆ ಅದು ಕಳಿಯ ದೋಷವಲ್ಲ. ಬಿಸಿಯಾಗಿದೆಯೇ, ಹಿಟ್ಟು ಹಸಿ ವಾಸನೆ ಹೊಡೆಯದೆ ಬೆಂದಿದೆಯೇ, ಸೊಪ್ಪು ಅಂದೇ ಮಾಡಿದ್ದೇ ಎಂದು ನೋಡುವುದು ಸರಿಯಾದ ಪರೀಕ್ಷೆ. ಸಾಂಬಾರಿಗೂ ಇದೇ ಮಾತು. ಬೆಲ್ಲದ ಸಿಹಿಗೆ ಒಗ್ಗಿದ ಬೆಂಗಳೂರಿನ ನಾಲಿಗೆಗೆ ಅಲ್ಲಿನ ಹುಳಿ ಹೊಸದು, ಅಷ್ಟೆ.

ಬೀದಿಬದಿಯ ಜಾಣ್ಮೆ

ಸೇಲಂನ ಹೆಸರು ಉಳಿಸಿರುವುದು ದೊಡ್ಡ ಹೋಟೆಲುಗಳಷ್ಟೇ ಅಲ್ಲ, ಸಂಜೆ ಗಾಡಿಗಳ 'ತಟ್ಟುವಡೆ ಸೆಟ್' ಕೂಡ. ನಮ್ಮ ನಿಪ್ಪಟ್ಟಿನಂಥ ಎರಡು ಗರಿಗರಿ ಬಿಲ್ಲೆಗಳ ನಡುವೆ ತುರಿದ ಬೀಟ್‌ರೂಟ್, ಕ್ಯಾರೆಟ್, ಈರುಳ್ಳಿ, ಜೊತೆಗೆ ಹಸಿರು ಮತ್ತು ಕೆಂಪು ಚಟ್ನಿ. ಇದನ್ನು ಅಳೆಯುವುದು ಸುಲಭ: ಚಟ್ನಿ ತಾಗಿದ ಮೇಲೂ ವಡೆ ಕರಕರ ಎನ್ನಬೇಕು, ತರಕಾರಿ ಬಾಡಿರಬಾರದು, ಎಣ್ಣೆ ಕಮಟು ಹಿಡಿದಿರಬಾರದು. ಒಂದೇ ತಿನಿಸನ್ನು ಮಾಡಿ ಕೈ ಪಳಗಿದ ಗಾಡಿಯವನು, ನೂರು ತಿನಿಸುಗಳ ಪಟ್ಟಿ ಹಿಡಿದ ಹೋಟೆಲಿಗಿಂತ ಎಷ್ಟೋ ಸಲ ಮೇಲು.

ಹೊಗೇನಕಲ್‌ಗೆ ಹೋದವರು ಕಾವೇರಿಯ ಮೀನು ಕೊಂಡು ಅಲ್ಲಿನ ಹೆಂಗಸರ ಕೈಯಲ್ಲೇ ಹುರಿಸಿ ತಿನ್ನುತ್ತಾರೆ. ಅಲ್ಲಿ ರುಚಿಯ ತೀರ್ಪು ಒಲೆಗೆ ಮೊದಲೇ ಆಗಬೇಕು. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ಹಳಸಿದ ಮೀನನ್ನು ನಾವೇ ಆರಿಸಿಕೊಟ್ಟು, ಹುರಿದ ಅಮ್ಮನ ಮೇಲೆ ರೇಗುವುದು ನ್ಯಾಯವಲ್ಲ.

ಊಟದ ಕೊನೆಗೆ ಬರುವ ಸಬ್ಬಕ್ಕಿ ಪಾಯಸಕ್ಕೂ ಅಲ್ಲೊಂದು ಕಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಸಬ್ಬಕ್ಕಿ ಬರುವುದು ನಿಂತಾಗ, ಸೇಲಂನವರು ಮರಗೆಣಸಿನ ಹಿಟ್ಟಿನಿಂದ ಅದನ್ನು ಮಾಡತೊಡಗಿದರು. 1981ರಲ್ಲಿ ತಯಾರಕರ ಸಹಕಾರ ಸಂಘ 'ಸಾಗೋಸರ್ವ್' ಹುಟ್ಟಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತು ದೊರೆಯಿತು. ಲೋಟದಲ್ಲಿರುವ ಆ ಮಣಿಗಳ ಹಿಂದೆ ಗೆಣಸು ಅಗೆದವರು, ಸಿಪ್ಪೆ ಸುಲಿದವರು, ಬಿಸಿಲಲ್ಲಿ ಒಣಗಿಸಿದವರು ಇದ್ದಾರೆ.

ತಿನಿಸಿಗೆ ತೀರ್ಪು, ಮನುಷ್ಯನಿಗಲ್ಲ

ಹೆದ್ದಾರಿಯ ಒಂದು ಹೋಟೆಲಿನಲ್ಲಿ ಕಂಡದ್ದು ಮನಸ್ಸಿನಲ್ಲಿ ಉಳಿದಿದೆ. ದೋಸೆ ಆರಿಹೋಗಿದೆ ಎಂದು ಯಜಮಾನರೊಬ್ಬರು ಬಡಿಸುವ ಹುಡುಗನ ಮೇಲೆ ಕೂಗಾಡಿದರು. ಹುಡುಗ ಉತ್ತರ ಭಾರತದವನು, ತಮಿಳೂ ತಿಳಿಯದು, ಕನ್ನಡವೂ ತಿಳಿಯದು. ತಲೆ ತಗ್ಗಿಸಿ ನಿಂತ. ಎದುರಿಗಿದ್ದ ಅವರ ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ದೋಸೆ ಆರಿದ್ದು ನಿಜವೇ ಇರಬಹುದು. ಬಿಸಿಯದು ಬೇಕೆಂದು ಕೇಳುವ ಹಕ್ಕೂ ಅವರಿಗಿತ್ತು. ಆದರೆ ಹೆಂಚಿನ ಮುಂದೆ ನಿಂತವನು ಆ ಹುಡುಗನಲ್ಲ, ಒಲೆಗೆ ಎಷ್ಟು ಜನ ಬೇಕೆಂದು ನಿರ್ಧರಿಸುವವನೂ ಅವನಲ್ಲ.

ಈಗ ಕೈಯಲ್ಲಿ ಫೋನಿದೆ. ಕಾರು ಹತ್ತುವ ಮೊದಲೇ ಒಂದು ನಕ್ಷತ್ರ ಕೊಟ್ಟು, ನಾಲ್ಕು ಕಟುಮಾತು ಬರೆದುಬಿಡಬಹುದು. ಅದನ್ನು ಓದಿದ ಮಾಲೀಕ ಮೊದಲು ಗದರುವುದು ಸಂಬಳ ಕಡಿಮೆ ಇರುವವನನ್ನೇ. ಬರೆಯಬೇಡಿ ಎನ್ನುವುದಿಲ್ಲ. ಹಳಸಿದ ಚಟ್ನಿ, ಕೊಳಕು ನೀರು, ತಪ್ಪು ಬಿಲ್ಲು ಇವನ್ನು ಹೇಳಲೇಬೇಕು. ಸುಮ್ಮನಿದ್ದರೆ ನಮ್ಮ ಹಿಂದೆ ಬರುವ ಮಗುವಿನ ಹೊಟ್ಟೆ ಕೆಡುತ್ತದೆ. ಆದರೆ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಏನು ಕೆಟ್ಟಿತ್ತೋ ಅದನ್ನಷ್ಟೇ ಹೇಳೋಣ. ಚೆನ್ನಾಗಿದ್ದರೆ ಅಡುಗೆಮನೆಗೆ ಕೇಳುವಂತೆ ಹೇಳೋಣ. ಹೊಗೆಯಲ್ಲಿ ನಿಂತವರಿಗೆ ಆ ಮಾತು ತಲುಪುವುದು ಅಪರೂಪ.

ಹೋಟೆಲಿನಲ್ಲಿ ಕಲಿತ ನಾಲಿಗೆಯೇ ಮನೆಗೂ ಬರುತ್ತದೆ. ದಿನಕ್ಕೆ ಮೂರು ಹೊತ್ತು ತೀರ್ಪು ಕೇಳುವ ಒಬ್ಬರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಉಪ್ಪು ಹೆಚ್ಚಾದ ದಿನ ಎಲ್ಲರೂ ಮಾತನಾಡುತ್ತಾರೆ, ಹದವಾಗಿದ್ದ ಉಳಿದ ದಿನಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಪ್ರಿಯ ಕುಟುಂಬಗಳೇ, ಮುಂದಿನ ಪ್ರಯಾಣದಲ್ಲಿ ಮಕ್ಕಳಿಗೊಂದು ಆಟ ಹೇಳಿಕೊಡಿ. ತಿಂದದ್ದರಲ್ಲಿ ಒಂದು ಒಳ್ಳೆಯದು, ಒಂದು ಕೊರತೆ ಹೇಳಬೇಕು. ಒಳ್ಳೆಯದನ್ನು ಮೊದಲು ಹೇಳಬೇಕು. ಸೇಲಂವರೆಗೆ ಕಾಯಬೇಕಾಗಿಲ್ಲ, ಇಂದು ರಾತ್ರಿಯ ಊಟಕ್ಕೇ ಶುರುಮಾಡಬಹುದು.