ಹುಳಿ ಮಣ್ಣಿಗೆ ಸುಣ್ಣವೇಕೆ?

ಸೊರಬ: ಆರತಿಗೆಂದು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ನೀರು ಕೆಂಪಾಗುತ್ತದೆ, ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಪ್ರತ್ಯಾಮ್ಲ, ನಿಂಬೆರಸ ಆಮ್ಲ. ನೀರಿನಲ್ಲಿ ಆಮ್ಲವು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ, ಪ್ರತ್ಯಾಮ್ಲವು ಅವನ್ನು ಹಿಡಿದುಕೊಳ್ಳುತ್ತದೆ.

ಹೊಲ, ತೋಟಗಳಿಗೂ ಇದೇ ಲೆಕ್ಕ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುವುದರಿಂದ ಸೊರಬದ ಜಂಬಿಟ್ಟಿಗೆ ಮಣ್ಣು ಹುಳಿಯಾಗುತ್ತದೆ. ಮಳೆ ಕಡಿಮೆಯಿರುವ ಶಿಕಾರಿಪುರದ ಪೂರ್ವ ಭಾಗದಲ್ಲಿ ಹುಳಿಯೂ ಸಾಮಾನ್ಯವಾಗಿ ಕಡಿಮೆ. ಇದರ ಅಳತೆಗೋಲು, 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ರೂಪಿಸಿದ ಪಿಎಚ್: 7 ತಟಸ್ಥ, ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. 6ಕ್ಕೂ 5ಕ್ಕೂ ಇರುವ ಅಂತರ ಅಲ್ಪವೇನಲ್ಲ.

ಪಿಎಚ್ 5.5ಕ್ಕಿಂತ ಇಳಿದಾಗ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರನ್ನು ಕುಂಠಿತಗೊಳಿಸುತ್ತದೆ. ಹಣ ಕೊಟ್ಟು ತಂದ ಗೊಬ್ಬರದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳೇ ಬಿಗಿಹಿಡಿಯುತ್ತವೆ. ಬೆಳೆ ಸೊರಗಿತೆಂದು ಇನ್ನಷ್ಟು ಸುರಿದರೂ ವ್ಯರ್ಥವೇ. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಳಿ ತಾನೇ ತಗ್ಗುತ್ತದೆ. ತೊಂದರೆ ಹೆಚ್ಚಾಗಿ ಮೆಕ್ಕೆಜೋಳ, ಶುಂಠಿಯ ಹೊಲಗಳಿಗೆ. ಮಣ್ಣು ಪರೀಕ್ಷೆ ಮಾಡಿಸಿ, ವರದಿ ಹೇಳಿದಷ್ಟೇ ಕೃಷಿ ಸುಣ್ಣ ಹಾಕಬೇಕು. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಎರಚಬಾರದು: ಸಾರಜನಕವು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ.