ಓತಿಕ್ಯಾತ ರಕ್ತ ಹೀರುವುದಿಲ್ಲ

ನಾಗಮಂಗಲ ತಾಲೂಕಿನ ದೇವಲಾಪುರದ ಕಡೆ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವನ್ನು ನೀವು ಕಂಡಿರಬಹುದು. ಅದರ ಕತ್ತು ಕೆಂಪಾದೊಡನೆ 'ನಮ್ಮ ರಕ್ತ ಹೀರುತ್ತಿದೆ' ಎಂದು ಮಕ್ಕಳು ಕಲ್ಲೆಸೆಯುತ್ತಾರೆ. ಇದು ಬರೀ ತಪ್ಪು ತಿಳುವಳಿಕೆ. ಮರಿ ಮಾಡುವ ಕಾಲದಲ್ಲಿ ಗಂಡಿನ ತಲೆ, ಕತ್ತು ಕೆಂಪೇರುತ್ತವೆ. ಹೆಣ್ಣನ್ನು ಸೆಳೆಯಲು, ಬೇರೆ ಗಂಡನ್ನು ದೂರವಿಡಲು ಅದು ತಲೆಯಾಡಿಸುತ್ತದೆ. 1802ರಲ್ಲಿ ಫ್ರಾನ್ಸಿನ ವಿಜ್ಞಾನಿ ದೋದಾನ್ ಇದಕ್ಕಿಟ್ಟ ಹೆಸರು 'ವರ್ಸಿಕಲರ್'. ಬಣ್ಣ ಬದಲಿಸುವಂಥದ್ದು ಎಂದರ್ಥ.

ಇದಕ್ಕೆ ವಿಷವಿಲ್ಲ. ಇರುವೆ, ಮಿಡತೆಯಂಥ ಕೀಟಗಳೇ ಇದರ ಮುಖ್ಯ ಆಹಾರ. ಹೆಣ್ಣು ಮೆತ್ತನೆಯ ಮಣ್ಣು ತೋಡಿ ಸಾಮಾನ್ಯವಾಗಿ 10ರಿಂದ 20 ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತದೆ. ಸುಮಾರು 6-7 ವಾರಗಳಲ್ಲಿ ಮರಿಗಳು ತಾವಾಗಿಯೇ ಹೊರಬರುತ್ತವೆ.

ಮಗುವಿನ ಕೈಯಲ್ಲಿ ಕಲ್ಲು ಕಂಡರೆ ಗದರಿಸಬೇಡಿ. ಜೊತೆಯಲ್ಲಿ ನಿಂತು, ಅದು ಇರುವೆ ಹಿಡಿಯುವುದನ್ನು ತೋರಿಸಿ. ಭಯ ಹೋದರೆ ಕಲ್ಲೆಸೆಯುವ ಅಭ್ಯಾಸವೂ ಹೋಗುತ್ತದೆ.