ಕಛೇರಿಗೆ ತಕ್ಕ ಪುಟ್ಟ ಮೈಕು

78 ಆರ್‌ಪಿಎಂ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷಕ್ಕೆ ತುಸು ಹೆಚ್ಚಿನ ಸಂಗೀತ. ಅರ್ಧ ಗಂಟೆ ರಾಗ ಬೆಳೆಸಿ, ತಾನ ಹಾಡಿ, ಆಮೇಲೆ ಪಲ್ಲವಿಗೆ ಬರುವ ವಿದ್ವಾಂಸರೂ ಆ ತಟ್ಟೆಗಾಗಿ ಹಾಡುವಾಗ ತಮ್ಮ ವಿದ್ಯೆಯನ್ನು ಮಡಿಸಿ ಕೊಡಬೇಕಾಗಿತ್ತು. ಮನೋಧರ್ಮವೇ ಜೀವಾಳವಾದ ಸಂಗೀತ ಸ್ಟುಡಿಯೋದಲ್ಲಿ ಪೂರ್ತಿ ಸಿಗುವುದಿಲ್ಲ. ಇಂದು ಹಾಡಿದ ತೋಡಿ ನಾಳೆ ಹಾಗೇ ಬರುವುದಿಲ್ಲ. ಅದಕ್ಕೇ ಸ್ಪೂಲ್ ಟೇಪು ಕೈಗೆಟುಕಿದಾಗ, 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದ ಮೇಲಂತೂ, ಕಛೇರಿಗಳನ್ನು ಹಿಡಿದಿಡುವ ಕೆಲಸಕ್ಕೆ ರಸಿಕರು ತಾವೇ ಮುಂದಾದರು. ಈ ಹಂಬಲ ನಮ್ಮದಷ್ಟೇ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್‌ಸನ್ 1901ರಿಂದ 1903ರವರೆಗೆ ಮೇಣದ ಸಿಲಿಂಡರುಗಳ ಮೇಲೆ ಅಲ್ಲಿನ ಹಾಡುಗಾರಿಕೆಯ ತುಣುಕುಗಳನ್ನು ಹಿಡಿದಿಟ್ಟ. ಕರಕರ ಸದ್ದಿನ ನಡುವೆ ಕೇಳಿಸುವ ಆ ದನಿಗಳಿಗೆ ಸಂಗೀತದ ಇತಿಹಾಸಕಾರರು ಇಂದಿಗೂ ಕಿವಿಗೊಡುತ್ತಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ, ತನ್ನ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳಲು ಬರುವ ಅಭಿಮಾನಿಗಳಿಗೆಂದೇ ಪ್ರತ್ಯೇಕ ಜಾಗ ಮಾಡಿಕೊಟ್ಟಿತು.

ಇಂದು ಅಂಗಿಯ ಜೇಬಿನಲ್ಲಿ ಕೂರುವ ರೆಕಾರ್ಡರು ಆ ಕಾಲದ ಯಾವ ಟೇಪ್ ಯಂತ್ರಕ್ಕಿಂತಲೂ ಶುದ್ಧವಾಗಿ ಮುದ್ರಿಸುತ್ತದೆ. ಉಳಿದಿರುವುದು ಮೈಕಿನ ಪ್ರಶ್ನೆ. ಪುಟ್ಟ, ಅಗ್ಗದ ಮೈಕು ಬಡವನ ಪಾಲಿನ ರಾಜಿ ಎಂದು ಹಲವರು ತಿಳಿದಿದ್ದಾರೆ. ಕಛೇರಿಯ ಮಟ್ಟಿಗೆ ಇದು ಸರಿಯಲ್ಲ. ಪುಟ್ಟ ಮೈಕು ಅಲ್ಲಿ ಧಾರಾಳವಾಗಿ ಸಾಕು, ಆದರೆ ಅದನ್ನು ಆರಿಸುವಾಗ ನೋಡಬೇಕಾದ ಗುಣ ಸಾಮಾನ್ಯವಾಗಿ ಹೇಳುವುದಕ್ಕಿಂತ ಬೇರೆ. ಎಷ್ಟು ಸಣ್ಣ ಸದ್ದನ್ನು ಅದು ಹಿಡಿಯಬಲ್ಲದು ಎಂಬುದಕ್ಕಿಂತ ಎಷ್ಟು ದೊಡ್ಡ ಸದ್ದನ್ನು ತಾಳಬಲ್ಲದು ಎಂಬುದು ಮುಖ್ಯ.

ಕೈಯಲ್ಲಿ ಫೋನಿರುವಾಗ ಬೇರೆ ಮೈಕು ಯಾಕೆ ಎಂಬ ಆಕ್ಷೇಪಕ್ಕೆ ಮೊದಲು ಉತ್ತರ ಕೊಡಬೇಕು. ಫೋನಿನ ಮೈಕು ಕೆಟ್ಟದ್ದಲ್ಲ. ಅದರ ಹಿಂದಿರುವ ತಂತ್ರಾಂಶ ಮಾತಿಗಾಗಿ ಸಿದ್ಧವಾದದ್ದು. ಮಾತಿನ ಹಿನ್ನೆಲೆಯಲ್ಲಿ ಒಂದೇ ಸಮನೆ ಕೇಳುವ ಸದ್ದನ್ನು ಅದು ಫ್ಯಾನು, ಎಂಜಿನ್ನು ಎಂದುಕೊಂಡು ತಗ್ಗಿಸಲು ನೋಡುತ್ತದೆ. ನಮ್ಮ ಕಛೇರಿಯಲ್ಲಿ ಒಂದೇ ಸಮನೆ ನುಡಿಯುವುದು ತಂಬೂರಿ. ಇಡೀ ಸಂಗೀತಕ್ಕೆ ಆಧಾರವಾದ ಶ್ರುತಿಯನ್ನೇ ಗದ್ದಲವೆಂದು ಭಾವಿಸಬಲ್ಲ ಯಂತ್ರದಿಂದ ನ್ಯಾಯ ನಿರೀಕ್ಷಿಸುವುದು ಕಷ್ಟ. ಇನ್ನು ಸದ್ದಿನ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಏರ್ಪಾಡು: ಮೃದಂಗದ ಒಂದು ಗುಮ್ಕಿ ಬಿದ್ದೊಡನೆ ಹಾಡುಗಾರರ ದನಿ ಕುಗ್ಗುತ್ತದೆ, ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸಭಾಂಗಣದ ಗುಸುಗುಸು ಉಬ್ಬಿ ಬರುತ್ತದೆ. ಈ ಏರ್ಪಾಡುಗಳನ್ನು ಆರಿಸಿಬಿಡುವ ಆ್ಯಪ್‌ಗಳಿವೆ. ಫೋನಲ್ಲದೆ ಬೇರೇನೂ ಇಲ್ಲದವರು ಅಷ್ಟಾದರೂ ಮಾಡಬೇಕು. ಆದರೆ ಎಡ ಬಲಗಳ ವಿಸ್ತಾರ ಬೇಕೆನ್ನುವವರಿಗೆ, ಮಟ್ಟವನ್ನು ಕೈಯಾರೆ ನಿಲ್ಲಿಸಿಕೊಳ್ಳಬೇಕೆನ್ನುವವರಿಗೆ ಪ್ರತ್ಯೇಕ ರೆಕಾರ್ಡರು, ಅದಕ್ಕೆ ಒಂದು ಜೊತೆ ಹೊರಮೈಕು ಬೇಕೇ ಬೇಕು.

ಆ ಜೊತೆ ಬೆರಳ ತುದಿಗಿಂತ ಚಿಕ್ಕದಾಗಿರಬಹುದು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕಿನಲ್ಲಿ ವಿದ್ಯುದಂಶ ತೆಳುವಾದ ಪೊರೆಯಲ್ಲೇ ಕಾಯಂ ಆಗಿ ನೆಲೆಸಿರುತ್ತದೆ. ಹಾಗಾಗಿ ಸ್ಟುಡಿಯೋ ಮೈಕುಗಳಿಗೆ ಬೇಕಾಗುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತಿಲ್ಲದೆ, ರೆಕಾರ್ಡರಿನ ಮೈಕ್ ಜಾಕಿನಿಂದ ಬರುವ ಎರಡು ಮೂರು ವೋಲ್ಟಿನಲ್ಲೇ ಅದು ಕೆಲಸ ಮಾಡುತ್ತದೆ. ಎಲ್ಲ ದಿಕ್ಕಿನಿಂದ ಕೇಳಿಸಿಕೊಳ್ಳುವ ಓಮ್ನಿ ಬಗೆಯದಾದರೆ ಚಿಕ್ಕ ಗಾತ್ರದಿಂದ ಲಾಭವೇ ಹೆಚ್ಚು. ಅದು ಗಾಳಿಯ ಒತ್ತಡವನ್ನಷ್ಟೇ ಅಳೆಯುತ್ತದೆ. ಆದ್ದರಿಂದ ಮೃದಂಗದ ತೊಪ್ಪಿಯ ಕೆಳಸ್ಥಾಯಿ ಎಷ್ಟು ದೂರದಿಂದಲೂ ಸೊರಗುವುದಿಲ್ಲ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಬಗೆ ಹಿಂದಿನ ಸಾಲಿನ ಕೆಮ್ಮನ್ನು ತಗ್ಗಿಸುವುದೇನೋ ನಿಜ, ಆದರೆ ಅದರ ಅಗ್ಗದ ಮಾದರಿಗಳಲ್ಲಿ ಈ ಕೆಳಸ್ಥಾಯಿಯೇ ಮೊದಲು ಕಳೆದುಹೋಗುತ್ತದೆ, ಬಟ್ಟೆ ತಗುಲಿದ ಸದ್ದೂ ಗಾಳಿಯ ಸದ್ದೂ ಅದಕ್ಕೆ ಹೆಚ್ಚಾಗಿ ಅಂಟುತ್ತವೆ. ತುಂಬ ಹಿಂದೆ ಕೂರಬೇಕಾದ, ಅನುರಣನ ವಿಪರೀತವಿರುವ ಕಲ್ಯಾಣ ಮಂಟಪದಂಥ ಜಾಗ ಬಿಟ್ಟರೆ ಓಮ್ನಿಯೇ ಸರಿಯಾದ ಆಯ್ಕೆ.

ಈಗ ಮುಖ್ಯ ವಿಷಯ. ಪ್ರತಿ ಮೈಕಿನ ಒಳಗೂ ಸುಯ್ಯೆನ್ನುವ ಸ್ವಂತ ಸದ್ದೊಂದಿರುತ್ತದೆ. ಜಪಾನಿನ ಪ್ರಿಮೋ ಕಂಪನಿಯ ಇಎಂ272 ಎಂಬ ಕ್ಯಾಪ್ಸೂಲಿನಲ್ಲಿ ಅದು ಸುಮಾರು 14 ಡೆಸಿಬೆಲ್. ಡೆನ್ಮಾರ್ಕಿನ ಡಿಪಿಎ ಕಂಪನಿಯ 4060 ಎಂಬ, ಎಷ್ಟೋ ಪಟ್ಟು ದುಬಾರಿಯ ಮೈಕಿನಲ್ಲಿ ಸುಮಾರು 23. ಈ ಅಂಕಿಗಳನ್ನು ಕಂಡವರು ಅಗ್ಗದ್ದೇ ಮೇಲು ಎಂದು ಹಿಗ್ಗುವುದು ಸಹಜ. ಕಾಡಿನ ನಸುಕಿನಲ್ಲಿ ಹಕ್ಕಿಯ ದನಿ ಹಿಡಿಯುವವರಿಗೆ ಆ ಹಿಗ್ಗು ಸಲ್ಲುತ್ತದೆ. ಸಭಾಂಗಣದ ಲೆಕ್ಕ ಬೇರೆ. ಫ್ಯಾನು ತಿರುಗುವ, ಜನ ತುಂಬಿದ ಕೋಣೆಯ ಮೌನವೇ 40 ಡೆಸಿಬೆಲ್ ಆಸುಪಾಸು ಇರುತ್ತದೆ. ಅದರ ಕೆಳಗೆ ಹುದುಗಿಹೋಗುವ 14ಕ್ಕೂ 23ಕ್ಕೂ ಕೇಳುಗನ ಪಾಲಿಗೆ ವ್ಯತ್ಯಾಸವಿಲ್ಲ. ಹಾಗಾದರೆ ದುಬಾರಿ ಮೈಕಿನಲ್ಲಿ ಹಣ ಕೊಟ್ಟು ಪಡೆಯುವುದೇನು? ಬಹುಮಟ್ಟಿಗೆ ಮೇಲಿನ ತುದಿಯ ತಾಳಿಕೆಯನ್ನು. ಇಎಂ272ರ ಸಂವೇದನೆ ಬಹಳ ಹೆಚ್ಚು, ಮೈನಸ್ 28 ಡೆಸಿಬೆಲ್. ಹಿಂದೆ ಹವ್ಯಾಸಿಗಳೆಲ್ಲ ಬಳಸುತ್ತಿದ್ದ, ಈಗ ತಯಾರಿಕೆ ನಿಂತಿರುವ ಪ್ಯಾನಸಾನಿಕ್ ಡಬ್ಲ್ಯುಎಂ-61ಎ ಕ್ಯಾಪ್ಸೂಲಿನದು ಮೈನಸ್ 35. ಏಳು ಡೆಸಿಬೆಲ್ಲಿನ ಈ ಅಂತರವೆಂದರೆ, ಅದೇ ಸದ್ದಿಗೆ ಎರಡನೆಯದು ಕೊಡುವ ವೋಲ್ಟೇಜು ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಜಾಕಿನಿಂದ ಸಿಗುವುದೇ ಎರಡು ಮೂರು ವೋಲ್ಟ್ ಆದಾಗ, ಸ್ಪೀಕರಿನ ಎದುರು ಕೂತು ತನಿ ಆವರ್ತನ ಮುದ್ರಿಸಿದರೆ ಹೆಚ್ಚು ಸಂವೇದನೆಯ ಕ್ಯಾಪ್ಸೂಲು ತನ್ನ ಮಿತಿ ಮುಟ್ಟಿ ಸದ್ದನ್ನು ಒಡೆಯುತ್ತದೆ.

ಹೀಗೆ ಒಡೆದ ಸದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ಕೂಡಿಸಿ ಕೊಡುವುದಿಲ್ಲ. 32 ಬಿಟ್ ಫ್ಲೋಟ್ ರೆಕಾರ್ಡರು ಕೊಂಡರೆ ಮಟ್ಟದ ಚಿಂತೆಯೇ ಇಲ್ಲ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ರೆಕಾರ್ಡರಿನ ಮಟ್ಟಿಗೆ ಅದು ನಿಜ, ಮೈಕಿನ ಮಟ್ಟಿಗೆ ಅಲ್ಲ. ಮೈಕಿನಲ್ಲೇ ಒಡೆದು ಬಂದದ್ದನ್ನು ಆ ರೆಕಾರ್ಡರು ಒಡಕನ್ನೂ ಸೇರಿಸಿ ನಿಷ್ಠೆಯಿಂದ ದಾಖಲಿಸುತ್ತದೆ. ಪರಿಹಾರ ಸರಳವಾದದ್ದು, ಅಗ್ಗದ್ದೂ ಹೌದು: ಮೈಕಿಗೂ ರೆಕಾರ್ಡರಿಗೂ ನಡುವೆ 9 ವೋಲ್ಟಿನ ಬ್ಯಾಟರಿಯ ಪುಟ್ಟ ಪೆಟ್ಟಿಗೆ. ಹೆಚ್ಚು ವೋಲ್ಟೇಜು ಸಿಕ್ಕ ಕ್ಯಾಪ್ಸೂಲು ಹೆಚ್ಚು ಸದ್ದನ್ನು ತಾಳುತ್ತದೆ. ಆಗ ಮೈಕನ್ನು ರೆಕಾರ್ಡರಿನ ಮೈಕ್ ಜಾಕಿನ ಬದಲು ಲೈನ್ ಜಾಕಿಗೆ ಸೇರಿಸುವ ಅನುಕೂಲವೂ ಇರುತ್ತದೆ. ಧ್ವನಿವರ್ಧಕವಿಲ್ಲದೆ ನಡೆಯುವ ಮನೆ ಕಛೇರಿಗೆ ಈ ಪೆಟ್ಟಿಗೆ ಬೇಕಿಲ್ಲ. ರಾಮನವಮಿಯ ಪೆಂಡಾಲಿಗೆ, ಜುಗಲಬಂದಿ ಫ್ಯೂಷನ್‌ಗಳಿಗೆ ಅದಿಲ್ಲದೆ ಹೋಗಬಾರದು. ಯಕ್ಷಗಾನದ ಚೆಂಡೆಯ ಹತ್ತಿರ ಕೂರುವವರಿಗಂತೂ ಕಡಿಮೆ ಸಂವೇದನೆಯ ಮೈಕು, ಬ್ಯಾಟರಿ ಪೆಟ್ಟಿಗೆ ಎರಡೂ ಬೇಕು.

ಕೊಳ್ಳುವಾಗ ಇನ್ನೊಂದು ಎಚ್ಚರ. ವಿಡಿಯೊ ಮಾಡುವವರಿಗೆಂದು ಮಾರುವ ಕಾಲರ್ ಮೈಕುಗಳು ಹೆಚ್ಚಾಗಿ ಒಂದೇ ಕಿವಿಯವು, ಅವುಗಳ ಪಿನ್ನಿನಲ್ಲಿ ಫೋನಿಗೆ ಹೊಂದುವ ನಾಲ್ಕು ಪಟ್ಟಿಗಳಿರುತ್ತವೆ; ರೆಕಾರ್ಡರಿಗೆ ಬೇಕಾದದ್ದು ಮೂರು ಪಟ್ಟಿಯ ಸ್ಟಿರಿಯೊ ಪಿನ್ನು. ವೈರ್‌ಲೆಸ್ ಕಾಲರ್ ಮೈಕುಗಳಲ್ಲಿ ಹಲವಕ್ಕೆ ಫೋನಿನ ಹಾಗೆಯೇ ಗದ್ದಲ ತಗ್ಗಿಸುವ ಚಾಳಿ ಇದೆ, ಅವು ಬೇಡ. ಸೋಲ್ಡರಿಂಗ್ ಬಲ್ಲವರು ಒಳ್ಳೆಯ ಕ್ಯಾಪ್ಸೂಲುಗಳನ್ನು ತರಿಸಿ ತಾವೇ ಜೋಡಿಸಿಕೊಂಡರೆ ಕೆಲವೇ ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಇಷ್ಟೆಲ್ಲ ಯಾಕೆ, ಸಭೆಯ ಮಿಕ್ಸರಿನಿಂದಲೇ ಒಂದು ತಂತಿ ಎಳೆದುಕೊಂಡರೆ ಸಾಲದೇ ಎನ್ನುವವರಿದ್ದಾರೆ. ಸಿಕ್ಕರೆ ಬಿಡಬಾರದು, ಆದರೆ ಅದೊಂದನ್ನೇ ನಂಬಲೂ ಬಾರದು. ಮಿಕ್ಸರಿನಲ್ಲಿ ಇರುವುದು ಸ್ಪೀಕರಿನ ಮೂಲಕ ಜನರಿಗೆ ತಲುಪಿಸಬೇಕಾದಷ್ಟು ಸದ್ದು ಮಾತ್ರ. ಚಿಕ್ಕ ಸಭಾಂಗಣದಲ್ಲಿ ಘಟವೋ ಖಂಜಿರವೋ ತನ್ನ ಬಲದಿಂದಲೇ ಕೇಳುತ್ತಿದ್ದರೆ ಮಿಕ್ಸರಿನಲ್ಲಿ ಅದು ಸಣ್ಣಗಿರುತ್ತದೆ, ಹಾಡುಗಾರರ ದನಿ ಅದಕ್ಕೆ ಮೀರಿ ನಿಂತಿರುತ್ತದೆ. ಒಳ್ಳೆಯ ಸಂಗತಿಗೆ ಸಭೆಯಿಂದ ಹೊಮ್ಮುವ ಭೇಷ್ ಅಲ್ಲಿ ಇರುವುದೇ ಇಲ್ಲ, ಮತ್ತು ಆ ಭೇಷ್ ಕೇಳಿಯೇ ಹಾಡುಗಾರರು ಅದೇ ಸಂಗತಿಯನ್ನು ಇನ್ನೊಂದು ಬಗೆಯಲ್ಲಿ ತಿರುಗಿಸಿರುತ್ತಾರೆ. ಕೇಳುಗರ ನಡುವೆ ಇಟ್ಟ ಜೋಡಿ ಮೈಕು ಈ ಕೊಡು ಕೊಳ್ಳುವಿಕೆಯನ್ನು ಹಿಡಿಯುತ್ತದೆ.

ಅದನ್ನು ಎಲ್ಲಿಡಬೇಕು ಎಂಬುದು ಬೆಲೆಗಿಂತ ದೊಡ್ಡ ನಿರ್ಧಾರ. ದೂರ ಇಮ್ಮಡಿಯಾದಾಗ ನೇರ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ, ಗೋಡೆಗಳಿಂದ ಮರಳುವ ಅನುರಣನ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಐದನೇ ಸಾಲಿನಿಂದ ಹತ್ತನೆಯದಕ್ಕೆ ಸರಿದವರು ಕಳೆದುಕೊಳ್ಳುವ ಸ್ಪಷ್ಟತೆಯನ್ನು ಯಾವ ಮೈಕೂ ಮರಳಿ ಕೊಡದು. ಎರಡೂ ಸ್ಪೀಕರುಗಳಿಂದ ಸಮದೂರದಲ್ಲಿ, ಮುಂಭಾಗದ ಮೂರನೆಯ ಒಂದು ಪಾಲಿನೊಳಗೆ ಕೂತು, ಕನ್ನಡಕದ ಕಡ್ಡಿಗಳಿಗೋ ಕೊರಳಪಟ್ಟಿಯ ಎರಡು ಬದಿಗೋ ಮೈಕು ಸಿಕ್ಕಿಸಿದರೆ ಎಡ ಬಲದ ಅಂತರ ಹೆಚ್ಚುಕಡಿಮೆ ನಮ್ಮ ಕಿವಿಗಳದ್ದೇ ಆಗುತ್ತದೆ. ನುಣುಪು ಜುಬ್ಬಾಕ್ಕಿಂತ ಸದ್ದು ಮಾಡದ ಹತ್ತಿ ಬಟ್ಟೆ ಲೇಸು, ಪೆಡೆಸ್ಟಲ್ ಫ್ಯಾನಿದ್ದರೆ ಮೈಕಿಗೆ ಸ್ಪಂಜಿನ ಟೋಪಿ ಬೇಕು. ಓಮ್ನಿ ಮೈಕಿಗೆ ಅತಿ ಹತ್ತಿರದ ಸದ್ದು ಅದನ್ನು ತೊಟ್ಟವರದ್ದೇ. ತೊಡೆ ತಟ್ಟಿ ತಾಳ ಹಾಕುವ ಅಭ್ಯಾಸ ಆ ಸಂಜೆಗೆ ಬಿಡಬೇಕು. ಅತಿ ಜೋರಿನ ಸದ್ದೂ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಮೊದಲ ವರ್ಣದಲ್ಲೇ ಮಟ್ಟ ಗೊತ್ತುಮಾಡಿಕೊಂಡು ಮತ್ತೆ ಮುಟ್ಟದಿರುವುದು ಒಳ್ಳೆಯದು.

ಕಣ್ಣಿಗೆ ಬೀಳದ ಮೈಕು ಎಂದೊಡನೆ ಕಳ್ಳತನದ ಅನುಮಾನ ಏಳುತ್ತದೆ, ಅದು ನ್ಯಾಯವಾದ ಅನುಮಾನವೇ. ಪುಟ್ಟ ಮೈಕು ಬೇಕಾದದ್ದು ಕಲಾವಿದರ ಕಣ್ಣು ತಪ್ಪಿಸಲಿಕ್ಕಲ್ಲ, ಹಿಂದಿನ ಸಾಲಿನವರ ನೋಟಕ್ಕೆ ಸ್ಟ್ಯಾಂಡು ಅಡ್ಡ ಬರಬಾರದೆಂದು, ಹಾಡುಗಾರರ ಗಮನ ಯಂತ್ರದ ಕಡೆ ಹೊರಳಬಾರದೆಂದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಪ್ರದರ್ಶನದ ಮೇಲೆ ಕಲಾವಿದರಿಗೂ ಹಕ್ಕು ಬಂದಿದೆ, ಅದರ ಅವಧಿ 50 ವರ್ಷ. ಮುದ್ರಿಸುವವರ ಸ್ವಂತ ಬಳಕೆಗೆ, ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗೆ 39ನೇ ಕಲಂ ವಿನಾಯಿತಿ ಕೊಡುತ್ತದೆ. ಈ ವಿನಾಯಿತಿ ಯೂಟ್ಯೂಬಿಗೆ ಏರಿಸಲು ಕೊಟ್ಟ ಪರವಾನಗಿಯಲ್ಲ, ಸಭೆಯವರು ಬೇಡವೆಂದರೆ ಅವರ ಮಾತನ್ನು ಮೀರುವ ಅಧಿಕಾರವೂ ಅಲ್ಲ. ಕಛೇರಿಗೆ ಮುಂಚೆ ಸಂಘಟಕರನ್ನೂ ಕಲಾವಿದರನ್ನೂ ಕೇಳಿ, ಮುದ್ರಿಕೆಯ ಒಂದು ಪ್ರತಿಯನ್ನು ದಿನಾಂಕ, ಸ್ಥಳ, ಪಕ್ಕವಾದ್ಯದವರ ಹೆಸರು, ಹಾಡಿದ ರಾಗಗಳ ಪಟ್ಟಿಯ ಸಮೇತ ಅವರಿಗೆ ಕಳಿಸಿಕೊಡುವುದಾಗಿ ಹೇಳಬೇಕು. ಒಪ್ಪಿದವರು ಎಷ್ಟೋ ಸಲ ಕೂರಲು ಇನ್ನೂ ಒಳ್ಳೆಯ ಜಾಗವನ್ನೇ ತೋರಿಸುತ್ತಾರೆ. ಒಪ್ಪದಿದ್ದರೆ ಮೈಕನ್ನು ಚೀಲದಲ್ಲೇ ಬಿಟ್ಟು ಕಛೇರಿ ಕೇಳಬೇಕು.